ತಕ್ಕಡಿಯೂ ಕೈಗುಣವೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಯಾರಾದರೊಬ್ಬ ಮಹಿಳೆಯ ಜೀವಿತವನ್ನು ಕುರಿತು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ರಾಣಿಯರ ಚರಿತ್ರೆಗಳೂ, ಪಂಡಿತೆಯರ ಚರಿತ್ರೆಗಳೂ, ರೋಗಿಗಳ ಸೇವೆಯಲ್ಲಿ ಆಯುಷ್ಯವನ್ನು ಸವೆಯಿಸಿದ ತಾಯಂದಿರ ಚರಿತ್ರೆಗಳೂ ನಮ್ಮ ಪಾಠಪುಸ್ತಕಗಳಲ್ಲಿ ಸಾಕಷ್ಟು ಇವೆ. ಆದರೆ ಅಂಗಡಿಯನ್ನಿಟ್ಟು, ಸರಕನ್ನು ಕೊಂಡು ಮಾರಿ, ಲಾಭನಷ್ಟಗಳೆರಡನ್ನೂ ಕಂಡು, ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳಿದ ಹೆಂಗಸಿನ ಚರಿತ್ರೆಯು ಅವುಗಳಲ್ಲಿ ಬಹಳ ಅಪರೂಪ. ಆದಕಾರಣ ನಾವು ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿ ಹುಟ್ಟಿ, ಪನಾಮಾದ ಕಾಡಿನಲ್ಲಿಯೂ ಕ್ರಿಮಿಯಾದ ಯುದ್ಧಭೂಮಿಯಲ್ಲಿಯೂ ವ್ಯಾಪಾರ ಮಾಡಿದ ಮೇರಿ ಸೀಕೋಲ್ ಎಂಬಾಕೆಯನ್ನು ಆರಿಸಿಕೊಂಡಿದ್ದೇವೆ.

ಆಕೆಯನ್ನು ಆರಿಸಿಕೊಳ್ಳುವದಕ್ಕೆ ಇನ್ನೊಂದು ಕಾರಣವೂ ಉಂಟು. ನಾವು ತರಬೇತಿ ಶಾಲೆಯಲ್ಲಿ ಓದುತ್ತಿದ್ದಾಗ ಕ್ರಿಮಿಯಾ ಯುದ್ಧವೆಂದರೆ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಒಂದೇ ಹೆಸರು ನಮಗೆ ಗೊತ್ತಿತ್ತು. ದೀಪವನ್ನು ಹಿಡಿದು ನಡೆಯುವ ಆ ಮಹಾನುಭಾವೆಯ ಚಿತ್ರವು ನಮ್ಮ ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ತೂಗುತ್ತಿತ್ತು. ಅದೇ ಯುದ್ಧದಲ್ಲಿ, ದಂಡಿನ ಪಾಳೆಯಕ್ಕೆ ಇನ್ನೂ ಸಮೀಪದಲ್ಲಿ, ಕಂದುಬಣ್ಣದ ಮತ್ತೊಬ್ಬ ಹೆಂಗಸು ಔಷಧದ ಚೀಲವನ್ನೂ ಲೆಕ್ಕದ ಪುಸ್ತಕವನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳೆಂಬದನ್ನು ನಾವು ಉಪಾಧ್ಯಾಯಿನಿಯಾಗಿ ಬಹಳ ವರುಷಗಳಾದ ಮೇಲೆ, ಆಕೆಯೇ ಬರೆದ ಆತ್ಮಚರಿತ್ರೆಯನ್ನು ಓದಿದಾಗ ತಿಳಿದೆವು. ಅಂದಿನಿಂದ ಪ್ರತಿವರುಷವೂ ಮೇಲಿನ ತರಗತಿಯ ಹುಡುಗಿಯರಿಗೆ ಆಕೆಯ ಕಥೆಯನ್ನು ಹೇಳುತ್ತಾ ಬಂದಿದ್ದೇವೆ. ಒಮ್ಮೆ ಕಥೆ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, ಆಕೆ ಸೈನಿಕರಿಂದ ಹಣ ತೆಗೆದುಕೊಳ್ಳುತ್ತಿದ್ದಳೋ ಎಂದು ಕೇಳಿದಳು. ಕೊಡಲು ಶಕ್ತಿಯುಳ್ಳವರಿಂದ ತೆಗೆದುಕೊಳ್ಳುತ್ತಿದ್ದಳು ಎಂದು ನಾವು ಉತ್ತರಕೊಟ್ಟೆವು. ಆಗ ತರಗತಿಯ ಮುಖಗಳು ಸ್ವಲ್ಪ ಬಾಡಿದವು. ಹಿಂದಿನ ಬೆಂಚಿನಿಂದ ಒಂದು ಸ್ವರವು, ಹಾಗಾದರೆ ಅವಳು ಅಂಗಡಿಯವಳು ಅಷ್ಟೇ, ಎಂದು ಹೇಳಿತು. ಆ ‘ಅಷ್ಟೇ’ ಎಂಬ ಮಾತಿಗೆ ಸಮಾಧಾನವಾಗಿ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೇರಿಯು ೧೮೦೫ರಲ್ಲಿ ಜಮೈಕಾದ ಕಿಂಗ್‌ಸ್ಟನ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಸ್ಕಾಟ್ಲೆಂಡಿನವನಾದ ಸೈನ್ಯಾಧಿಕಾರಿ. ತಾಯಿಯು ಆಫ್ರಿಕದ ರಕ್ತವೂ ಐರೋಪ್ಯ ರಕ್ತವೂ ಕೂಡಿದ ಸ್ವತಂತ್ರ ಹೆಂಗಸು. ಆ ಕಾಲದ ಜಮೈಕಾದಲ್ಲಿ ಕಬ್ಬಿನ ತೋಟಗಳ ಬಿಳಿಯ ಧಣಿಗಳು ಮೇಲಿದ್ದರು. ತೋಟಗಳಲ್ಲಿ ದುಡಿಯುವ ಆಫ್ರಿಕದ ಗುಲಾಮರು ಕೆಳಗಿದ್ದರು. ಇವೆರಡರ ನಡುವೆ ಮೇರಿಯ ತಾಯಿಯಂಥ ಮಿಶ್ರವರ್ಣದ ಸ್ವತಂತ್ರ ಜನರು ಇದ್ದರು. ಇವರು ಯಾರ ಸೊತ್ತೂ ಅಲ್ಲ. ಆದರೂ ೧೮೩೦ರ ತನಕ ಬಿಳಿಯರಿಗಿದ್ದ ನಾಗರಿಕ ಹಕ್ಕುಗಳು ಇವರಿಗಿರಲಿಲ್ಲ. ಗುಲಾಮಗಿರಿಯು ಕಾನೂನಿನಿಂದ ತೊಲಗಿದ್ದು ೧೮೩೪ರಲ್ಲಿ. ಪೂರ್ಣ ಬಿಡುಗಡೆ ದೊರೆತದ್ದು ೧೮೩೮ರಲ್ಲಿ. ಸರಕಾರಿ ಉದ್ಯೋಗವಾಗಲಿ ದೊಡ್ಡ ತೋಟವಾಗಲಿ ಕೈಗೆಟುಕದ ಇಂಥ ಕುಟುಂಬಗಳ ಹೆಂಗಸರಿಗೆ ತೆರೆದಿದ್ದ ದಾರಿಯೆಂದರೆ ವ್ಯಾಪಾರ ಒಂದೇ. ಅವರಲ್ಲಿ ಹಲವರು ವಸತಿಗೃಹಗಳನ್ನು ನಡೆಸುತ್ತಿದ್ದರು. ಮೇರಿಯ ತಾಯಿಯೂ ಬ್ಲಂಡೆಲ್ ಹಾಲ್ ಎಂಬ ವಸತಿಗೃಹವನ್ನು ಇಟ್ಟುಕೊಂಡಿದ್ದಳು.

ಆ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದವರು ಹೆಚ್ಚಾಗಿ ದಂಡಿನ ಮತ್ತು ನೌಕಾಬಲದ ಅಧಿಕಾರಿಗಳು ಹಾಗೂ ಅವರ ಹೆಂಡಂದಿರು. ಉಷ್ಣದೇಶದ ಜ್ವರಗಳು ಅವರನ್ನು ಹಿಡಿದಾಗ ಆರೈಕೆ ಮಾಡುತ್ತಿದ್ದವಳೂ ಮನೆಯೊಡತಿಯೇ. ಆಫ್ರಿಕದಿಂದ ಬಂದ ನಾಟಿಮದ್ದಿನ ಜ್ಞಾನವು ಆಕೆಗಿತ್ತು; ಅಂಥ ಹೆಂಗಸರನ್ನು ಆ ದ್ವೀಪದಲ್ಲಿ ವೈದ್ಯೆಯರೆಂದೇ ಕರೆಯುತ್ತಿದ್ದರು. ಹೀಗೆ ಊಟ, ವಸತಿ, ಮದ್ದು ಈ ಮೂರೂ ಒಂದೇ ಬಾಗಿಲೊಳಗೆ ದೊರೆಯುತ್ತಿದ್ದವು. ಚಿಕ್ಕ ಮೇರಿಯು ತಾಯಿಯನ್ನು ನೋಡಿ ನೋಡಿ ಮೊದಲು ತನ್ನ ಬೊಂಬೆಗೆ ಮದ್ದು ಹಾಕಿದಳು; ಆ ಮೇಲೆ ಮನೆಯ ನಾಯಿಬೆಕ್ಕುಗಳಿಗೆ; ಕಡೆಗೆ ತನಗೇ. ಕೈಗುಣವೆಂಬದು ಆಕೆಗೆ ತಾಯಿಯ ಅಡಿಗೆಮನೆಯಲ್ಲಿಯೇ ಒದಗಿತು. ವ್ಯಾಪಾರವಂತೂ ಆ ಮನೆತನದ ಕಸುಬಾಗಿತ್ತು. ಮುಂದೆ ಆಕೆಯ ತಮ್ಮ ಎಡ್ವರ್ಡನು ಪನಾಮಾದಲ್ಲಿ ಹೋಟೆಲು ತೆರೆದನು. ತಂಗಿ ಲೂಯಿಸಾಳು ಬ್ಲಂಡೆಲ್ ಹಾಲನ್ನು ನಡೆಸಿದಳು.

ಯೌವನದಲ್ಲಿ ಮೇರಿಯು ಎರಡು ಸಾರಿ ಲಂಡನಿಗೆ ಹೋದಳು. ಮೊದಲನೆಯ ಸಾರಿ ಸಂಬಂಧಿಕರ ಸಂಗಡ ಹೋಗಿ ಸುಮಾರು ಒಂದು ವರುಷವಿದ್ದು ಬಂದಳು. ಅಲ್ಲಿನ ಬೀದಿಯ ಹುಡುಗರು ತನ್ನ ಮತ್ತು ತನ್ನ ಜೊತೆಗಾತಿಯ ಮೈಬಣ್ಣವನ್ನು ಕಂಡು ಗೇಲಿಮಾಡಿದ್ದನ್ನು ಮುದುಕಿಯಾಗುವ ಕಾಲಕ್ಕೂ ಆಕೆ ಮರೆಯಲಿಲ್ಲ. ಆದರೆ ಗೇಲಿಗೆ ಹೆದರಿ ಮನೆಯಲ್ಲಿ ಕೂಡ್ರುವ ಸ್ವಭಾವ ಆಕೆಯದಲ್ಲ. ಎರಡನೆಯ ಸಾರಿ ಹೋಗುವಾಗ ವೆಸ್ಟ್ ಇಂಡೀಸಿನ ಉಪ್ಪಿನಕಾಯಿಯನ್ನೂ ಹಣ್ಣಿನ ಮುರಬ್ಬಗಳನ್ನೂ ಹಡಗಿನಲ್ಲಿ ಹೇರಿಕೊಂಡು ಹೋಗಿ ಅದೇ ಲಂಡನಿನಲ್ಲಿ ಮಾರಿದಳು. ಬಹಾಮಾ ದ್ವೀಪಗಳಿಗೆ ಹೋದಾಗ ಅಲ್ಲಿಂದ ಚೆಂದದ ಚಿಪ್ಪುಗಳನ್ನೂ ಚಿಪ್ಪಿನ ಕುಸುರಿಕೆಲಸದ ವಸ್ತುಗಳನ್ನೂ ತಂದು ಕಿಂಗ್‌ಸ್ಟನ್ನಿನಲ್ಲಿ ಮಾರಿದಳು. ಹೈಟಿಗೂ ಕ್ಯೂಬಾಕ್ಕೂ ಹೋಗಿಬಂದಳು. ಒಂದು ಊರಿನಲ್ಲಿ ಯಥೇಚ್ಛವಾಗಿರುವದು ಇನ್ನೊಂದು ಊರಿನಲ್ಲಿ ಅಪೂರ್ವವಾಗಿರುತ್ತದೆಂಬ ವ್ಯಾಪಾರದ ಮೊದಲನೆಯ ಪಾಠವನ್ನು ಆಕೆ ಯಾವ ಶಾಲೆಯಲ್ಲಿಯೂ ಕಲಿತವಳಲ್ಲ, ಹಡಗುಕಟ್ಟೆಯಲ್ಲಿ ಕಲಿತಳು.

೧೮೩೬ರ ನವಂಬರಿನಲ್ಲಿ ಆಕೆಯು ಎಡ್ವಿನ್ ಸೀಕೋಲ್ ಎಂಬವನನ್ನು ಮದುವೆಯಾದಳು. ದಂಪತಿಗಳು ಬ್ಲ್ಯಾಕ್ ರಿವರ್ ಎಂಬ ಊರಿನಲ್ಲಿ ಅಂಗಡಿ ಹಾಕಿದರು. ಗಂಡನ ದೇಹಸ್ಥಿತಿ ದುರ್ಬಲ. ಅಂಗಡಿಯೂ ಏಳಿಗೆಗೆ ಬರಲಿಲ್ಲ. ಅವರು ಕಿಂಗ್‌ಸ್ಟನ್ನಿಗೆ ಹಿಂದಿರುಗಿದರು. ೧೮೪೩ರಲ್ಲಿ ಪಟ್ಟಣಕ್ಕೆ ಬಿದ್ದ ದೊಡ್ಡ ಬೆಂಕಿಯಲ್ಲಿ ಬ್ಲಂಡೆಲ್ ಹಾಲ್ ಸುಟ್ಟುಹೋಯಿತು. ೧೮೪೪ರಲ್ಲಿ ಗಂಡನು ತೀರಿಹೋದನು. ಸ್ವಲ್ಪ ಕಾಲದಲ್ಲಿಯೇ ತಾಯಿಯೂ ತೀರಿಹೋದಳು. ಕೆಲವು ದಿನ ಆಕೆ ಅಲ್ಲಾಡದೆ ಕೂತುಬಿಟ್ಟಳಂತೆ. ಬಳಿಕ ಎದ್ದು, ಸುಟ್ಟ ಮನೆಯ ಸ್ಥಳದಲ್ಲಿಯೇ ಮೊದಲಿಗಿಂತ ಒಳ್ಳೆಯ ಮನೆಯನ್ನು ಕಟ್ಟಿಸಿ ವಸತಿಗೃಹವನ್ನು ನಡೆಸಿದಳು. ಮತ್ತೆ ಮದುವೆಯಾಗಬೇಕೆಂದು ಕೇಳಿ ಬಂದವರು ಇಲ್ಲದಿರಲಿಲ್ಲ, ಆಕೆಯು ಒಪ್ಪಲಿಲ್ಲ. ತನ್ನ ದುಡಿಮೆಯ ಮೇಲೆ ತಾನು ನಿಂತಳು. ೧೮೫೦ರಲ್ಲಿ ಕಾಲರಾ ಮಾರಿಯು ಜಮೈಕಾಕ್ಕೆ ಬಂದು ಹತ್ತಾರು ಸಾವಿರ ಜನರನ್ನು ಕೊಂಡೊಯ್ದಿತು. ಆ ದಿವಸಗಳಲ್ಲಿ ತನ್ನ ಮನೆಯಲ್ಲಿದ್ದ ವೈದ್ಯನೊಬ್ಬನಿಂದ ಆ ರೋಗದ ಚಿಕಿತ್ಸೆಯನ್ನು ಆಕೆ ಶ್ರದ್ಧೆಯಿಂದ ಕಲಿತಳು. ಮುಂದಿನ ವರುಷವೇ ಅದು ಉಪಯೋಗಕ್ಕೆ ಬಂತು.

ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿಯಿಂದ ಆಗ ಸಾವಿರಾರು ಜನರು ಪನಾಮಾ ಭೂಕಂಠವನ್ನು ದಾಟುತ್ತಿದ್ದರು. ಕಾಲುವೆ ಇನ್ನೂ ಆಗಿರಲಿಲ್ಲ. ರೈಲು ಸ್ವಲ್ಪ ದೂರ ಮಾತ್ರ ಇತ್ತು. ಚಾಗ್ರೆಸ್ ನದಿಯಲ್ಲಿ ದೋಣಿಯಿಂದ ಹೋಗಿ, ಆ ಮೇಲೆ ಹೇಸರಗತ್ತೆಗಳ ಮೇಲೆ ಕಾಡು ದಾಟಬೇಕಾಗಿತ್ತು. ಆ ದಾರಿಯ ಕ್ರೂಸೆಸ್ ಎಂಬ ಹಳ್ಳಿಯಲ್ಲಿ ತಮ್ಮನು ಹೋಟೆಲು ಇಟ್ಟಿದ್ದನು. ೧೮೫೧ರಲ್ಲಿ ಮೇರಿಯು ಅಲ್ಲಿಗೆ ಹೊರಟಳು. ಹೊರಡುವದಕ್ಕೆ ಮುಂಚೆ ಆಕೆಯ ಮನೆಯಲ್ಲಿ ವಾರಗಟ್ಟಲೆ ದರ್ಜಿಗಳು ಕೂತು ಒರಟು ಅಂಗಿಗಳನ್ನೂ ಇಜಾರುಗಳನ್ನೂ ಹೊಲಿದರು. ಅಡಿಗೆಮನೆಯಲ್ಲಿ ಸೀಬೆಹಣ್ಣಿನ ಜೆಲ್ಲಿಯೂ ಮುರಬ್ಬಗಳೂ ಸಿದ್ಧವಾದವು. ಡಬ್ಬಿಯ ಮಾಂಸ, ತರಕಾರಿ, ಮೊಟ್ಟೆಗಳನ್ನು ಹಣಕೊಟ್ಟು ಕೂಡಿಸಿದಳು. ದಾರಿಹೋಕರಿಗೆ ಏನು ಬೇಕಾಗುವದೆಂದು ಮೊದಲೇ ಆಲೋಚಿಸಿ ಆಕೆ ಹೊರಟಿದ್ದಳು.

ಆದರೆ ಅಲ್ಲಿ ಮೊದಲು ಬೇಕಾದದ್ದು ಜೆಲ್ಲಿಯಲ್ಲ. ಆಕೆ ಹೋದ ಸ್ವಲ್ಪ ದಿನಗಳಲ್ಲಿಯೇ ಒಬ್ಬ ಸ್ಪೇನಿನವನು ಹಠಾತ್ತಾಗಿ ಸತ್ತನು. ಅವನಿಗೆ ಯಾರೋ ವಿಷ ಹಾಕಿದರೆಂದು ಹಳ್ಳಿಯು ಗುಸುಗುಟ್ಟಿತು. ಹೆಣವನ್ನು ಒಂದು ಸಾರಿ ನೋಡಿದ ಮಾತ್ರಕ್ಕೆ ಇದು ಕಾಲರಾ ಎಂದು ಆಕೆಗೆ ತಿಳಿಯಿತು. ಹಳ್ಳಿಯಲ್ಲಿ ತಕ್ಕ ವೈದ್ಯನಿರಲಿಲ್ಲ. ಹಗಲೂ ರಾತ್ರಿಯೂ ರೋಗಿಗಳ ಗುಡಿಸಲುಗಳಲ್ಲಿ ಆಕೆ ಇದ್ದಳು. ಹಣವುಳ್ಳವರು ಧಾರಾಳವಾಗಿ ಹಣ ಕೊಟ್ಟರು. ಬಡವರಿಗೆ ಧರ್ಮಾರ್ಥವಾಗಿ ಚಿಕಿತ್ಸೆ ನಡೆಯಿತು. ತಾನು ಆರೈಕೆಮಾಡಿದ ಒಂದು ಕೂಸು ಸತ್ತಾಗ, ರೋಗದ ಮೂಲವನ್ನು ಅರಿಯಬೇಕೆಂಬ ಬಯಕೆಯಿಂದ ಆ ದೇಹವನ್ನು ಗುಟ್ಟಾಗಿ ಕೊಯ್ದು ಪರೀಕ್ಷಿಸಿದಳು. ಅದು ಮನಸ್ಸನ್ನು ನಡುಗಿಸುವ ಕೆಲಸವೆಂದು ಆಕೆಯೇ ಒಪ್ಪಿಕೊಳ್ಳುತ್ತಾಳೆ. ಕೊನೆಗೆ ತನಗೂ ರೋಗ ತಗಲಿ ಬದುಕಿದಳು. ರೋಗ ಇಳಿದ ಮೇಲೆ ತಾನೂ ಒಂದು ಹೋಟೆಲನ್ನು ತೆರೆದಳು. ಹಾಸಿಗೆಗಳಿಲ್ಲ, ಊಟ ಮಾತ್ರ, ಮತ್ತು ಪ್ರಯಾಣಿಕರ ಗಡ್ಡ ಹೆರೆಯಲು ಒಬ್ಬ ಕ್ಷೌರಿಕ.

ಅಲ್ಲಿಯೇ ಆಕೆಗೆ ಬಣ್ಣದ ಅವಮಾನವೂ ಆಯಿತು. ಅಮೆರಿಕದವರು ಕೂಡಿದ ಒಂದು ಔತಣದಲ್ಲಿ ಒಬ್ಬನು ಎದ್ದು ಆಕೆಯ ಉಪಕಾರವನ್ನು ಹೊಗಳಿ, ಈಕೆಯ ಮೈಯನ್ನು ತೊಳೆದು ಬೆಳ್ಳಗೆ ಮಾಡುವದು ಸಾಧ್ಯವಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಮಾತನ್ನಾಡಿದನು. ಆಕೆಯು ಸುಮ್ಮನಿರಲಿಲ್ಲ. ತನ್ನ ಬಣ್ಣದ ವಿಷಯದಲ್ಲಿ ತನಗೆ ಚಿಂತೆಯಿಲ್ಲ, ಅದು ಇನ್ನೂ ಕಪ್ಪಾಗಿದ್ದರೂ ತಾನು ಸಂತೋಷವಾಗಿಯೇ ಇರುತ್ತಿದ್ದೆ ಎಂದು ಎಲ್ಲರೆದುರಿಗೂ ಹೇಳಿದಳು. ಊರಿಗೆ ಹಿಂದಿರುಗುವಾಗ ಅಮೆರಿಕದ ಒಂದು ಹಡಗನ್ನೇರಿದರೆ, ಅದರಲ್ಲಿದ್ದ ಸ್ತ್ರೀಯರು ಆಕೆಯ ಸಂಗಡ ಪ್ರಯಾಣಮಾಡಲು ಒಲ್ಲೆವೆಂದರು, ಆಕೆಯನ್ನು ಇಳಿಸಿಬಿಟ್ಟರು. ಇಂಗ್ಲಿಷ್ ಹಡಗು ಬರುವ ತನಕ ಕಾದು ಅದರಲ್ಲಿ ಬಂದಳು. ೧೮೫೩ರಲ್ಲಿ ಜಮೈಕಾದಲ್ಲಿ ಹಳದಿ ಜ್ವರವೆದ್ದಾಗ ದಂಡಿನ ಪಾಳೆಯದಲ್ಲಿ ಆರೈಕೆಯ ಏರ್ಪಾಡು ಮಾಡಬೇಕೆಂದು ಅಧಿಕಾರಿಗಳು ಕೇಳಿಕೊಂಡದ್ದು ಈಕೆಯನ್ನೇ.

೧೮೫೪ರಲ್ಲಿ ಬ್ರಿಟನ್ನೂ ಫ್ರಾನ್ಸೂ ತುರ್ಕಿಯ ಪಕ್ಷವನ್ನು ವಹಿಸಿ ರಷ್ಯಾದ ಮೇಲೆ ಯುದ್ಧಕ್ಕೆ ಹೋದವು. ಕಪ್ಪು ಸಮುದ್ರದ ಕ್ರಿಮಿಯಾ ಪರ್ಯಾಯದ್ವೀಪದಲ್ಲಿ ಸೈನ್ಯಗಳು ಇಳಿದವು. ಗುಂಡಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ಚಳಿ ಇವುಗಳಿಂದಲೇ ಸೈನಿಕರು ಸಾಯುತ್ತಿದ್ದಾರೆಂದು ಪತ್ರಿಕೆಗಳು ಬರೆದವು. ಕಿಂಗ್‌ಸ್ಟನ್ನಿನಲ್ಲಿ ತನಗೆ ಪರಿಚಿತವಾಗಿದ್ದ ದಳಗಳೇ ಅಲ್ಲಿಗೆ ಹೋಗಿರುವದನ್ನು ತಿಳಿದು ಮೇರಿಯು ಲಂಡನಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದಳು. ತನ್ನನ್ನು ದಾದಿಯಾಗಿ ಕಳುಹಿಸಬೇಕೆಂದು ಬೇಡಿಕೊಂಡಳು. ಒಂದು ಕಡೆ ನಗೆ, ಒಂದು ಕಡೆ ಸೌಜನ್ಯದ ಮೌನ, ಇನ್ನೊಂದು ಕಡೆ ಬೇಕಾದ ದಾದಿಯರೆಲ್ಲರೂ ದೊರೆತಿದ್ದಾರೆಂಬ ಉತ್ತರ. ಚಳಿಗಾಲದ ಒಂದು ಸಾಯಂಕಾಲ ಬೀದಿಯಲ್ಲಿ ನಿಂತು, ಅಮೆರಿಕದವರ ಬಣ್ಣದ ದ್ವೇಷವು ಇಲ್ಲಿಯೂ ಬೇರೂರಿದೆಯೋ ಎಂದು ಆಕೆ ತನ್ನನ್ನೇ ಕೇಳಿಕೊಂಡು ಅತ್ತಳು. ಆಕೆಗೆ ಆಗ ನಲವತ್ತೊಂಬತ್ತು ವರುಷ ವಯಸ್ಸು.

ನಾವು ಹುಡುಗಿಯರಿಗೆ ಈ ಭಾಗವನ್ನು ಹೇಳುವಾಗ ಸ್ವಲ್ಪ ನಿಲ್ಲಿಸುತ್ತೇವೆ. ಯಾಕಂದರೆ ಇಲ್ಲಿಂದ ಮುಂದೆ ಆಕೆ ಮಾಡಿದ ಕೆಲಸವೇ ಆಕೆಯ ಜೀವಿತದ ಸಾರವಾಗಿದೆ. ದಾದಿಯಾಗಿ ಹೋಗುವ ಬಾಗಿಲು ಮುಚ್ಚಿತು. ಆದರೆ ವರ್ತಕರ ಬಾಗಿಲನ್ನು ಮುಚ್ಚುವ ಅಧಿಕಾರ ಯಾವ ಕಚೇರಿಗೂ ಇರಲಿಲ್ಲ. ಗಂಡನ ಸಂಬಂಧಿಕನಾದ ಥಾಮಸ್ ಡೇ ಎಂಬವನ ಪಾಲುಗಾರಿಕೆಯಲ್ಲಿ ‘ಸೀಕೋಲ್ ಮತ್ತು ಡೇ’ ಎಂಬ ವ್ಯಾಪಾರಸಂಸ್ಥೆಯನ್ನು ಹೂಡಿದಳು. ತಾನು ಕ್ರಿಮಿಯಾದಲ್ಲಿ ಹೋಟೆಲು ತೆರೆಯುವೆನೆಂದು ಚೀಟಿಗಳನ್ನು ಅಚ್ಚುಹಾಕಿಸಿ ಪರಿಚಯದ ಅಧಿಕಾರಿಗಳಿಗೆ ಮುಂದಾಗಿ ಕಳುಹಿಸಿದಳು. ೧೮೫೫ರ ಆರಂಭದಲ್ಲಿ ಸರಕಿನೊಂದಿಗೆ ಸ್ವಂತ ಖರ್ಚಿನಿಂದ ಹಡಗನ್ನೇರಿದಳು. ದಾರಿಯಲ್ಲಿ ಸ್ಕುಟಾರಿಯ ಆಸ್ಪತ್ರೆಯಲ್ಲಿ ನೈಟಿಂಗೇಲಮ್ಮನವರನ್ನು ಸ್ವಲ್ಪ ಹೊತ್ತು ಕಂಡಳು. ಆ ರಾತ್ರಿ ಅಲ್ಲಿಯ ಅಗಸಗಿತ್ತಿಯರ ಕೊಠಡಿಯಲ್ಲಿ ಮಲಗಿ ಮುಂದಕ್ಕೆ ನಡೆದಳು.

ಬಾಲಕ್ಲಾವಾ ಬಂದರದಲ್ಲಿ ಇಳಿದ ಆಕೆಗೆ ಆರು ವಾರಗಳ ವರೆಗೆ ಮನೆಯಿರಲಿಲ್ಲ. ಸರಕನ್ನು ಕಳ್ಳರಿಂದ ಕಾಯುತ್ತಾ, ರೋಗಿಗಳನ್ನು ಹಡಗಿಗೆ ಏರಿಸುವ ಕಟ್ಟೆಯ ಮೇಲೆ ಆಕೆ ದಿನವೆಲ್ಲಾ ನಿಂತು, ಹೇಸರಗತ್ತೆಗಳ ಮೇಲಿನಿಂದ ಇಳಿಸಿದ ಗಾಯಾಳುಗಳಿಗೆ ಚಹಾ ಕೊಟ್ಟಳು, ಕಟ್ಟುಗಳನ್ನು ಸಡಿಲಿಸಿ ಕಟ್ಟಿದಳು. ಇದಕ್ಕೆ ಆಕೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಬಳಿಕ ಬಂದರದಿಂದ ಸುಮಾರು ಎರಡು ಮೈಲಿ ಮೇಲೆ, ಪಾಳೆಯಕ್ಕೆ ಹೋಗುವ ದಾರಿಯಲ್ಲಿ, ಸ್ಪ್ರಿಂಗ್ ಹಿಲ್ ಎಂದು ಹೆಸರಿಟ್ಟ ಸ್ಥಳದಲ್ಲಿ ಕಟ್ಟಡವೆದ್ದಿತು. ನೀರಿನಲ್ಲಿ ತೇಲಿಬಂದ ಮರ, ಪೆಟ್ಟಿಗೆಗಳ ಹಲಗೆ, ಕಬ್ಬಿಣದ ತಗಡು, ಹತ್ತಿರದ ಹಳ್ಳಿಯಿಂದ ತಂದ ಕಿಟಕಿಯ ಚೌಕಟ್ಟುಗಳು, ಇವುಗಳಿಂದ ಕಟ್ಟಿದ ಆ ‘ಬ್ರಿಟಿಷ್ ಹೋಟೆಲಿಗೆ’ ೮೦೦ ಪೌಂಡಿಗೆ ಕಡಿಮೆಯಿಲ್ಲದೆ ಹಿಡಿಯಿತು. ಸೂಜಿಯಿಂದ ಹಿಡಿದು ಹಡಗಿನ ಲಂಗರದ ವರೆಗೆ ಏನು ಬೇಕೆಂದರೂ ಅಲ್ಲಿ ದೊರೆಯುವದೆಂಬ ಖ್ಯಾತಿ ಬಂತು. ಬೂಟು, ಕೈಚೌಕ, ಹೊಗೆಸೊಪ್ಪು, ಡಬ್ಬಿಯ ಮೀನು, ಮದ್ಯ, ಕುದುರೆಯ ಜೀನು ಎಲ್ಲವೂ ಇದ್ದವು. ಹಾಲಿಲ್ಲದ ಊರಿನಲ್ಲಿ ಆಕೆ ಮಾಡಿದ ಅಕ್ಕಿಯ ಪಾಯಸಕ್ಕೆ ಸಿಪಾಯಿಗಳು ಮನೆಯನ್ನು ನೆನೆದುಕೊಳ್ಳುತ್ತಿದ್ದರು. ಹೆಸರುವಾಸಿಯಾದ ಅಡಿಗೆಯ ನಿಪುಣ ಅಲೆಕ್ಸಿಸ್ ಸಾಯರನು ಬಂದು ನೋಡಿ, ಹಾಸಿಗೆಗಳ ಗೊಡವೆ ಬೇಡ, ಊಟತಿಂಡಿಯನ್ನೇ ನೋಡಿಕೊಳ್ಳಬೇಕೆಂದು ಬುದ್ಧಿ ಹೇಳಿದನು. ಆಕೆಯೂ ಹಾಗೆಯೇ ಮಾಡಿದಳು.

ಬೆಳಿಗ್ಗೆ ಮೊದಲು ಕಾಫಿ ಮತ್ತು ಅಡಿಗೆ. ಬಳಿಕ ಬಾಗಿಲಿಗೆ ಬಂದ ರೋಗಿಗಳು. ಆ ಮೇಲೆ ವ್ಯಾಪಾರ. ಆಕೆಯ ರೋಗಿಗಳಲ್ಲಿ ಹೆಚ್ಚಿನವರು ಸಾಮಾನು ಸಾಗಿಸುವ ದಳದವರೂ ದಾರಿ ಕಟ್ಟುವ ಕೂಲಿಗಳೂ ಆಗಿದ್ದರು. ದೊಡ್ಡ ಆಸ್ಪತ್ರೆಗೆ ಹೋಗಲು ಹೆದರುವ ಈ ಬಡಜನರು ಮಾಗಿಯ ಚಳಿಯಲ್ಲಿ ಆಕೆಯ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಕೊಡಬಲ್ಲವನು ಮದ್ದಿನ ಬೆಲೆ ಕೊಟ್ಟನು. ಕೊಡಲಾರದವನನ್ನು ಆಕೆ ಹಿಂದಕ್ಕೆ ಕಳುಹಿಸಲಿಲ್ಲ. ಯುದ್ಧದ ದಿವಸಗಳಲ್ಲಿ ರೊಟ್ಟಿ, ಮಾಂಸ, ಮದ್ಯ, ಬಟ್ಟೆಯ ಪಟ್ಟಿ, ಸೂಜಿದಾರ ಇವುಗಳನ್ನು ಹೇಸರಗತ್ತೆಗಳ ಮೇಲೆ ಹೇರಿಸಿಕೊಂಡು ಬೆಂಕಿಯ ಸಮೀಪಕ್ಕೆ ಹೋಗುತ್ತಿದ್ದಳು. ೧೮೫೫ರ ಆಗಸ್ಟಿನಲ್ಲಿ ಚೆರ್ನಾಯಾ ನದಿಯ ಯುದ್ಧವು ಮುಗಿದಾಗ ಸ್ವಪಕ್ಷದವರಿಗೂ ಗಾಯಪಟ್ಟ ರಷ್ಯದವರಿಗೂ ಆಕೆ ಒಂದೇ ಕೈಯಿಂದ ಆರೈಕೆಮಾಡಿದಳು. ಸೆಪ್ಟಂಬರಿನಲ್ಲಿ ಸೆವಾಸ್ಟೊಪೋಲ್ ಬಿದ್ದಾಗ ಉರಿಯುತ್ತಿದ್ದ ಆ ಪಟ್ಟಣದೊಳಕ್ಕೆ ಗಾಯಾಳುಗಳ ಸಲುವಾಗಿ ಹೋದಳು. ಲಂಡನಿನ ಟೈಮ್ಸ್ ಪತ್ರಿಕೆಯ ವರದಿಗಾರ ವಿಲಿಯಂ ಹೋವರ್ಡ್ ರಸೆಲನು ಇವೆಲ್ಲವನ್ನು ಕಣ್ಣಾರೆ ಕಂಡು ಸಾಕ್ಷಿ ನುಡಿದನು.

ಇಷ್ಟು ಹೇಳಿದ ಮೇಲೆ ಒಂದು ವಿಷಯವನ್ನು ಮರೆಮಾಡುವದು ನ್ಯಾಯವಲ್ಲ. ಆಕೆಯ ಮನೆಯಲ್ಲಿ ಮದ್ಯವು ಧಾರಾಳವಾಗಿ ಮಾರಾಟವಾಗುತ್ತಿತ್ತು. ೧೮೭೦ರಲ್ಲಿ ನೈಟಿಂಗೇಲಮ್ಮನವರು ಸಂಬಂಧಿಕರೊಬ್ಬರಿಗೆ ಗುಟ್ಟಾಗಿ ಬರೆದ ಪತ್ರದಲ್ಲಿ, ಆ ಮನೆಯನ್ನು ಕುರಿತು ಕಠಿಣವಾದ ಮಾತುಗಳನ್ನಾಡಿ, ಅಲ್ಲಿ ಬಹಳ ಮಂದಿ ಅಮಲೇರಿದರೆಂದು ದೂರಿದರು. ಆದರೂ ಸೈನಿಕರಿಗೆ ಆಕೆ ಬಹಳ ದಯೆ ತೋರಿಸಿದಳೆಂಬದನ್ನು ಅದೇ ಪತ್ರದಲ್ಲಿ ಒಪ್ಪಿಕೊಂಡರು. ನಾವು ಇಬ್ಬರನ್ನೂ ಗೌರವಿಸುತ್ತೇವೆ. ಒಬ್ಬರು ಸರಕಾರದ ಆಸ್ಪತ್ರೆಗಳನ್ನು ಶುದ್ಧಪಡಿಸಿ ದಾದಿಯರ ವಿದ್ಯೆಗೆ ತಳಹದಿ ಹಾಕಿದರು. ಇನ್ನೊಬ್ಬಳಿಗೆ ಸರಕಾರದ ಸಂಬಳವಿರಲಿಲ್ಲ. ತಾನು ಮಾರಿದ್ದರಿಂದಲೇ ತಾನು ಕೊಡಬೇಕಾಗಿತ್ತು. ಅಂಗಡಿಯು ನಿಂತಿದ್ದರೆ ಚಹಾವೂ ಮದ್ದೂ ನಿಲ್ಲುತ್ತಿದ್ದವು.

೧೮೫೬ರ ಮಾರ್ಚ್ ೩೦ರಂದು ಸಂಧಿಯಾಯಿತು. ಸೈನಿಕರಿಗೆ ಅದು ಹಬ್ಬ. ಸೀಕೋಲ್ ಮತ್ತು ಡೇ ಸಂಸ್ಥೆಗೆ ಅದೇ ಸಂಕಟ. ಯುದ್ಧವು ಇನ್ನೂ ನಡೆಯುವದೆಂದು ಎಣಿಸಿ ಅವರು ಹೊಸ ಸರಕನ್ನು ತರಿಸಿದ್ದರು. ಕೊಳ್ಳುವವರು ಹಡಗನ್ನೇರಿ ಹೊರಟುಹೋಗುತ್ತಿದ್ದರು. ಸಾಲವಾಗಿ ಕೊಟ್ಟ ಸರಕಿನ ಹಣ ಎಲ್ಲವೂ ಕೈಸೇರಲಿಲ್ಲ. ಉಳಿದದ್ದನ್ನು ಸಿಕ್ಕಿದ ಬೆಲೆಗೆ ಮಾರಬೇಕಾಯಿತು. ಕೆಲವು ಪೆಟ್ಟಿಗೆ ಕೆಂಪು ದ್ರಾಕ್ಷಾರಸವನ್ನು ಯಾರೂ ಕೊಳ್ಳದಿರಲು ಆಕೆಯು ಸುತ್ತಿಗೆಯನ್ನು ತೆಗೆದುಕೊಂಡು ತಾನೇ ಬುರುಡೆಗಳನ್ನು ಒಡೆದುಹಾಕಿದಳು. ಲಂಡನಿಗೆ ಬಂದಾಗ ಕೈಯಲ್ಲಿ ಏನೂ ಉಳಿಯಲಿಲ್ಲ. ಆ ವರುಷದ ಕೊನೆಯಲ್ಲಿ ಪಾಲುಗಾರರಿಬ್ಬರೂ ದಿವಾಳಿಯ ನ್ಯಾಯಾಲಯದ ಮುಂದೆ ನಿಂತರು. ಡೇ ಎಂಬವನು ಮುಂದೆ ದೂರದೇಶಕ್ಕೆ ಹೊರಟುಹೋದನು. ಆಕೆಯಾದರೋ ಅಡಗಿಕೊಳ್ಳಲಿಲ್ಲ. ಕ್ರಿಮಿಯಾದ ಪದಕಗಳನ್ನು ಎದೆಗೆ ಸಿಕ್ಕಿಸಿಕೊಂಡು ಲಂಡನಿನ ಬೀದಿಯಲ್ಲಿಯೇ ನಡೆಯುತ್ತಿದ್ದಳು. ೧೮೫೭ರ ಜನವರಿಯಲ್ಲಿ ನ್ಯಾಯಾಲಯವು ಆಕೆಯನ್ನು ಋಣದಿಂದ ಬಿಡುಗಡೆಮಾಡಿತು.

ಆಗ ಆಕೆಯ ಹಳೆಯ ಗಿರಾಕಿಗಳು ಮುಂದೆ ಬಂದರು. ಸಿಪಾಯಿಗಳೂ ಸೇನಾಪತಿಗಳೂ ಹಣ ಕೂಡಿಸಿದರು. ಅದೇ ವರುಷದ ಜುಲೈ ತಿಂಗಳಲ್ಲಿ ಲಂಡನಿನ ರಾಯಲ್ ಸರೇ ತೋಟದಲ್ಲಿ ಆಕೆಯ ಸಹಾಯಾರ್ಥವಾಗಿ ನಾಲ್ಕು ದಿವಸ ಸಂಗೀತೋತ್ಸವ ನಡೆಯಿತು. ದೊಡ್ಡ ಜನಸಂದಣಿ ಕೂಡಿತು. ಆದರೆ ಆ ತೋಟವನ್ನು ನಡೆಸುವ ಕಂಪನಿಯೇ ದಿವಾಳಿಯಾಗಿದ್ದುದರಿಂದ ಆಕೆಯ ಕೈಗೆ ಸಿಕ್ಕಿದ್ದು ೫೭ ಪೌಂಡು ಮಾತ್ರ. ಇಂಥ ಸ್ಥಿತಿಯಲ್ಲಿ ಕೆಲವರು ಅಳುತ್ತಾ ಕೂಡ್ರುವರು. ಆಕೆಯಾದರೋ ತನ್ನಲ್ಲಿ ಉಳಿದಿದ್ದ ಕೊನೆಯ ಸರಕನ್ನು ಮಾರಿದಳು. ತನ್ನ ಜೀವಿತದ ಕಥೆಯನ್ನೇ ಬರೆಯಿಸಿ ಪುಸ್ತಕವಾಗಿ ಹೊರತಂದಳು. ೧೮೫೭ರ ಆ ಆತ್ಮಚರಿತ್ರೆಗೆ ರಸೆಲನು ಮುನ್ನುಡಿ ಬರೆದನು. ಪುಸ್ತಕವು ಚೆನ್ನಾಗಿ ಮಾರಾಟವಾಯಿತು. ಮುಂದೆ ಆಕೆಯು ಜಮೈಕಾಕ್ಕೆ ಹೋಗಿ ಕಿಂಗ್‌ಸ್ಟನ್ನಿನಲ್ಲಿ ಭೂಮಿಯನ್ನು ಕೊಂಡಳು. ೧೮೬೭ರಲ್ಲಿ ರಾಜಕುಟುಂಬದವರ ಆಶ್ರಯದಿಂದ ಸಹಾಯನಿಧಿಯು ಪುನಃ ಕೂಡಿಬಂತು. ೧೮೮೧ರ ಮೇ ೧೪ರಂದು ಲಂಡನಿನಲ್ಲಿ ತೀರಿಹೋದಾಗ ಆಕೆಯು ಬಿಟ್ಟುಹೋದ ಆಸ್ತಿಯ ಬೆಲೆ ೨೫೦೦ ಪೌಂಡಿಗೆ ಮೇಲ್ಪಟ್ಟಿತ್ತು. ಒಮ್ಮೆ ದಿವಾಳಿಯ ಕಟಕಟೆಯಲ್ಲಿ ನಿಂತ ಹೆಂಗಸು ಸಾಲಗಾತಿಯಾಗಿ ಸಾಯಲಿಲ್ಲ.

ಬಳಿಕ ಸುಮಾರು ನೂರು ವರುಷ ಲೋಕವು ಆಕೆಯನ್ನು ಮರೆತುಬಿಟ್ಟಿತು. ೧೯೭೩ರಲ್ಲಿ ಆಕೆಯ ಸಮಾಧಿಯನ್ನು ಜೀರ್ಣೋದ್ಧಾರ ಮಾಡಿದರು. ೧೯೮೪ರಲ್ಲಿ ಪುಸ್ತಕವು ಪುನಃ ಅಚ್ಚಾಯಿತು. ೨೦೧೬ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ ಆಕೆಯ ಪ್ರತಿಮೆ ನಿಂತಿತು. ಅದೇ ಆಸ್ಪತ್ರೆಯಲ್ಲಿ ೧೮೬೦ರಲ್ಲಿ ನೈಟಿಂಗೇಲಮ್ಮನವರ ದಾದಿಯರ ಶಾಲೆ ಆರಂಭವಾಗಿತ್ತಾದ್ದರಿಂದ ಪ್ರತಿಮೆಯ ವಿಷಯದಲ್ಲಿ ಜಗಳವೆದ್ದಿತು. ಆಕೆ ದಾದಿಯಲ್ಲ, ಅಂಗಡಿ ಇಟ್ಟವಳು ಎಂದು ಕೆಲವರು ಆಕ್ಷೇಪಿಸಿದರು. ಇಲ್ಲ, ಆಕೆ ದಾದಿಯೇ ಎಂದು ಇನ್ನು ಕೆಲವರು ವಾದಿಸಿದರು. ಎರಡೂ ಪಕ್ಷದವರ ಮಾತನ್ನು ಓದಿದಾಗ ನಮಗೆ ತೋರಿದ್ದೇನಂದರೆ, ಅಂಗಡಿ ಎಂಬ ಶಬ್ದವನ್ನು ಇಬ್ಬರೂ ಕಳಂಕವಾಗಿಯೇ ಎಣಿಸಿದ್ದಾರೆ. ಒಬ್ಬರು ಅದನ್ನು ಆಕೆಗೆ ಹಚ್ಚುತ್ತಾರೆ, ಇನ್ನೊಬ್ಬರು ಅದನ್ನು ತೊಳೆಯುತ್ತಾರೆ. ಆಕೆಯಾದರೋ ತನ್ನ ಪುಸ್ತಕದಲ್ಲಿ ಅದನ್ನು ಎಲ್ಲಿಯೂ ಬಚ್ಚಿಡಲಿಲ್ಲ. ಉಪ್ಪಿನಕಾಯಿಯ ವ್ಯಾಪಾರವನ್ನೂ ಕಾಲರಾದ ಚಿಕಿತ್ಸೆಯನ್ನೂ ಒಂದೇ ಸ್ವರದಲ್ಲಿ ಹೇಳುತ್ತಾಳೆ. ತಕ್ಕಡಿಯನ್ನು ಹಿಡಿದ ಕೈಯೂ ನಾಡಿ ಹಿಡಿದ ಕೈಯೂ ಒಂದೇ ಆಗಿತ್ತು.

ಪ್ರಿಯ ತಾಯಿತಂದೆಗಳೇ, ಇದನ್ನು ನಾವು ದೂರದೇಶದ ವಿಚಿತ್ರ ಕಥೆಯೆಂದು ಬರೆಯಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನೀವು ನಮ್ಮ ಕೋಣೆಗೆ ಬಂದು ಮಗಳ ಮುಂದಿನ ದಾರಿಯನ್ನು ಕುರಿತು ಕೇಳುತ್ತೀರಿ. ಟೀಚರು, ನರ್ಸು, ಬ್ಯಾಂಕಿನ ಕೆಲಸ ಎಂದಾದರೆ ನಿಮ್ಮ ಸ್ವರವು ಗಟ್ಟಿಯಾಗಿರುತ್ತದೆ. ಮಗಳು ಬೇಕರಿ ಇಡಬೇಕು, ಬಟ್ಟೆಯ ಅಂಗಡಿ ಇಡಬೇಕು ಎಂದರೆ ಸ್ವರವು ತಗ್ಗುತ್ತದೆ. ಅಪಾಯದ ಭಯದಿಂದ ತಗ್ಗಿದರೆ ಅದು ಸಹಜ; ವ್ಯಾಪಾರದಲ್ಲಿ ನಷ್ಟವುಂಟೆಂಬದಕ್ಕೆ ಸೀಕೋಲಮ್ಮನವರೇ ಸಾಕ್ಷಿ. ಆದರೆ ಮರ್ಯಾದೆಯ ಭಯದಿಂದ ತಗ್ಗುವದಕ್ಕೆ ಕಾರಣವನ್ನು ನಾವು ಕಾಣೆವು. ಬೇಕಾದದ್ದನ್ನು ತಂದುಕೊಟ್ಟು ನ್ಯಾಯವಾದ ಬೆಲೆಯನ್ನು ತೆಗೆದುಕೊಳ್ಳುವದು ಭಿಕ್ಷೆಯೂ ಅಲ್ಲ, ಲೂಟಿಯೂ ಅಲ್ಲ. ಹಣ ತೆಗೆದುಕೊಳ್ಳಲು ಬಲ್ಲವಳಿಗೇ ಹಣ ಬೇಡವೆಂದು ಹೇಳುವ ಶಕ್ತಿಯೂ ಇರುತ್ತದೆ.

ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ವರುಷ ವರುಷವೂ ನೀವು ಕೂಡಿದಾಗ ನಮ್ಮ ಆಫೀಸಿನ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಉದ್ಯೋಗಗಳನ್ನು ಬರೆಯುತ್ತೀರಿ. ಹಿಂದಿನ ಕೂಟದಲ್ಲಿ ನಿಮ್ಮಲ್ಲಿ ಒಬ್ಬಳು ಉದ್ಯೋಗದ ಕಾಲಮಿನಲ್ಲಿ ‘ಮನೆಯಲ್ಲಿ’ ಎಂದು ಬರೆದಳು. ಹನ್ನೊಂದು ವರುಷಗಳಿಂದ ಹಪ್ಪಳ, 
ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಮಾಡಿ ಮಾರುವವಳು ಆಕೆ. ಆರು ಮಂದಿ ಹೆಂಗಸರಿಗೆ ತಿಂಗಳು ತಿಂಗಳು ಸಂಬಳ ಕೊಡುವವಳು. ಗಂಡನ ದೀರ್ಘಕಾಲದ ಕಾಯಿಲೆಯ ಖರ್ಚನ್ನು ಆ ಸಂಪಾದನೆಯಿಂದಲೇ ತೀರಿಸಿದವಳು. ನಾವು ಕೇಳಿದಾಗ, ಅದೇನು ಉದ್ಯೋಗ ಅಮ್ಮಾ, ಅಂಗಡಿ ಅಷ್ಟೇ, ಎಂದು ನಕ್ಕಳು. ಮುಂದಿನ ಕೂಟಕ್ಕೆ ಹೊಸ ರಿಜಿಸ್ಟರನ್ನು ತರಿಸಿದ್ದೇವೆ. ಅದರಲ್ಲಿ ಉದ್ಯೋಗದ ಕಾಲಮನ್ನು ಸ್ವಲ್ಪ ಅಗಲವಾಗಿಯೇ ಗೆರೆ ಹಾಕಿಸಿದ್ದೇವೆ. ನೀವು ಮಾಡುವ ಕೆಲಸವನ್ನು ಅದರ ನಿಜವಾದ ಹೆಸರಿನಿಂದಲೇ ಅಲ್ಲಿ ಬರೆಯಬೇಕೆಂದು ನಿಮ್ಮೆಲ್ಲರನ್ನೂ ಪ್ರೀತಿಪೂರ್ವಕವಾಗಿ ಕೇಳಿಕೊಳ್ಳುತ್ತೇವೆ. ಆ ಪುಟವನ್ನು ಓದುವ ನಮ್ಮ ಚಿಕ್ಕ ಹುಡುಗಿಯರು ಅದರಿಂದ ಪಾಠ ಕಲಿಯುವರು.